ಕಣ್ಣಿಗೆ ಡ್ರಾಪ್ಸ್ ಬಿಟ್ಟ ಮೇಲೆ ಕೊಡುವ ಫಾರಂಗೆ ಸಹಿ ಹಾಕಬೇಡಿ

ಬರೆಯೋಕೆ ನಾಚಿಕೆಯಾಗುತ್ತೆ. ಸೊಪ್ಪಿಗೂ ಚೌಕಾಸಿ ಮಾಡುವ ನಾನು ಹತ್ತು ನಿಮಿಷದಲ್ಲಿ 47,000 ರೂಪಾಯಿ ಜಾಸ್ತಿ ಕಟ್ಟಿ ಬಂದೆ. ಅಮ್ಮನ ಪೊರೆ ಆಪರೇಷನ್‌ಗೆ. ಬೆಂಗಳೂರಿನ ಒಂದು ಖಾಸಗಿ ಕಣ್ಣಿನ ಆಸ್ಪತ್ರೆ, ಹೆಸರು ಕೇಳಬೇಡಿ.

ಅವಸರದ ಆಪರೇಷನ್ ಏನಲ್ಲ. ಪೊರೆ ಇದೆ ಅಂತ ಗೊತ್ತಾಗಿ ಎಂಟು ತಿಂಗಳಾಗಿತ್ತು. ಸೋಮವಾರ ಬಿಪಿ, ಶುಗರ್, ಇಸಿಜಿ, ಲೆನ್ಸ್ ಪವರ್‌ಗೆ ಕಣ್ಣಿನ ಅಳತೆ ಎಲ್ಲಾ ಆಯಿತು. ಮಾಮೂಲಿ ಮೋನೋಫೋಕಲ್ ಲೆನ್ಸ್ (ಒಂದೇ ದೂರಕ್ಕೆ ಸ್ಪಷ್ಟವಾಗಿ ಕಾಣಿಸುವಂಥದ್ದು), ಪ್ಯಾಕೇಜ್ 38,000. ಇನ್ಶೂರೆನ್ಸ್‌ನವರ ಕ್ಯಾಶ್‌ಲೆಸ್ ಅಪ್ರೂವಲ್ ಕೂಡ ಬಂತು.

ಗುರುವಾರ ಬೆಳಿಗ್ಗೆ ಏಳಕ್ಕೇ ಹೋದೆವು. ಅಮ್ಮನಿಗೆ ಗೌನ್ ಹಾಕಿ, ಹುಬ್ಬಿನ ಮೇಲೆ ಗುರುತು ಅಂಟಿಸಿ, ಪಾಪೆ ಅಗಲವಾಗುವ ಡ್ರಾಪ್ಸ್ ಬಿಡುತ್ತಿದ್ದರು. ಮೂರನೇ ಸಲ ಬಿಟ್ಟ ಮೇಲೆ ಕೌನ್ಸೆಲರ್ ಹುಡುಗಿ ಬಂದಳು. "ಸರ್, ಮಲ್ಟಿಫೋಕಲ್ ಲೆನ್ಸ್ ಹಾಕಿಸಿಬಿಡಿ, ಹತ್ತಿರ ದೂರ ಎರಡೂ ಕಾಣುತ್ತೆ, ಅಮ್ಮನಿಗೆ ಕನ್ನಡಕವೇ ಬೇಡ. 85,000 ಆಗುತ್ತೆ, ಡಿಫರೆನ್ಸ್ ಕಟ್ಟಿದರೆ ಸಾಕು."

ಸೋಮವಾರ ಯಾಕೆ ಹೇಳಲಿಲ್ಲ ಅಂದೆ.

"ಅರ್ಜೆಂಟ್ ಏನಿಲ್ಲ ಸರ್, ಯೋಚನೆ ಮಾಡಿ. ಓಟಿ ಹತ್ತು ನಿಮಿಷದಲ್ಲಿ ರೆಡಿ."

ಅರ್ಜೆಂಟ್ ಇಲ್ಲವಂತೆ, ಹತ್ತು ನಿಮಿಷವಂತೆ! ನಾನು ತಡವರಿಸಿದ್ದು ನೋಡಿ ಇನ್ನೊಂದು ಮಾತು ಸೇರಿಸಿದಳು: "ಅಮ್ಮನ ಕಣ್ಣಲ್ವಾ ಸರ್, ಇದರಲ್ಲೂ ಲೆಕ್ಕ ನೋಡ್ತೀರಾ?" ಅಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾರೆ. ಏನು ಹೇಳಲಿ? ಕಾರ್ಡ್ ಕೊಟ್ಟೆ.

ಆಮೇಲೆ ಫಾರಂ. ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ಒಂದು ಕಣ್ಣಿಗೆ ಡ್ರಾಪ್ಸ್, ಇನ್ನೊಂದರಲ್ಲೂ ಪೊರೆ, ಕನ್ನಡಕ ನನ್ನ ಬ್ಯಾಗ್‌ನಲ್ಲಿ. "ಏನೂ ಕಾಣ್ತಿಲ್ಲ ಕಣೋ, ಎಲ್ಲಿ ಹಾಕಲಿ?" ಅಂದರು ಅಮ್ಮ. ಕಾಣದ ಹಾಗೆ ಔಷಧಿ ಬಿಟ್ಟವರೇ, ಓದಿ ಒಪ್ಪಿದ್ದೇನೆ ಅಂತ ಬರೆದ ಕಾಗದದ ಮೇಲೆ ಅಮ್ಮನ ಕೈ ಹಿಡಿದು ಜಾಗ ತೋರಿಸಿ ಸಹಿ ಹಾಕಿಸಿಕೊಂಡರು. ನಾನು ನಿಂತು ನೋಡಿದೆ. ಸುಮ್ನೆ ನಿಂತು ನೋಡಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು, ಸುಳ್ಳು ಹೇಳಲ್ಲ. ಆದರೆ ರಾತ್ರಿ ಹೊರಗೆ ಹೋದರೆ ಪ್ರತಿ ದೀಪದ ಸುತ್ತ ಬಳೆ ಬಳೆ ಕಾಣುತ್ತದಂತೆ, ಎದುರಿಗೆ ಗಾಡಿ ಬಂದರೆ ನನ್ನ ತೋಳು ಹಿಡಿದು ನಿಂತುಬಿಡುತ್ತಾರೆ. ಮೂರು ಸಲ ತೋರಿಸಲು ಹೋದೆವು, ಮೂರು ಸಲವೂ ಡಾಕ್ಟರ್ ಸಿಗಲಿಲ್ಲ, ಚೆಕ್ ಮಾಡುವ ಹುಡುಗನೇ ಹೇಳಿ ಕಳಿಸಿದ. "ಮೆದುಳು ಹೊಂದಿಕೊಳ್ಳಬೇಕು ಸರ್, ಆರು ತಿಂಗಳು." ಮೊದಲೇ ಹೇಳಬಾರದಿತ್ತಾ ಅಂದರೆ, "ಫಾರಂನಲ್ಲಿ ಇದೆಯಲ್ಲ ಸರ್, ಅಮ್ಮ ಸಹಿ ಮಾಡಿದ್ದಾರಲ್ಲ."

ಅದೇ ಫಾರಂ!

ಬೇರೆ ಡಾಕ್ಟರ್‌ಗೆ ತೋರಿಸಿದೆ. ಅಮ್ಮನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾದಲ್ಲಿ ಆಗಲೇ ಸ್ವಲ್ಪ ತೊಂದರೆ ಇದೆ. "ಇಂಥ ಕಣ್ಣಿಗೆ ಸಾಮಾನ್ಯವಾಗಿ ಮಲ್ಟಿಫೋಕಲ್ ಹಾಕಲ್ಲ, ನೀವ್ಯಾಕೆ ಹಾಕಿಸಿದಿರಿ?" ಅಂದರು. ನಾನು ಹಾಕಿಸಿದೆನಂತೆ! ಜಾಸ್ತಿ ಕಟ್ಟಿದ ದುಡ್ಡಿನಲ್ಲಿ ಇನ್ಶೂರೆನ್ಸ್‌ನಿಂದ ಒಂದು ಪೈಸೆ ಬರಲಿಲ್ಲ. ಪಕ್ಕದ ಮನೆ ಆಂಟಿ ಮಿಂಟೋ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡು ಆರಾಮಾಗಿ ರಾತ್ರಿ ದೇವಸ್ಥಾನಕ್ಕೆ ಹೋಗಿ ಬರುತ್ತಾರೆ. ಅವರ ಮುಖ ನೋಡೋಕೆ ಆಗುತ್ತಿಲ್ಲ ನನಗೆ.

ಲೆನ್ಸ್ ಯಾವುದು, ಎಷ್ಟು ಅಂತ ಅಳತೆ ತೆಗೆದ ದಿನವೇ ಬರೆಸಿಕೊಳ್ಳಿ. ಫಾರಂ ಕನ್ನಡದಲ್ಲಿ ಕೇಳಿ, ಹಿಂದಿನ ದಿನವೇ ಮನೆಗೆ ತನ್ನಿ. ಶುಗರ್ ಇದ್ದರೆ ರೆಟಿನಾ ಬಗ್ಗೆ ಡಾಕ್ಟರ್ ಬಾಯಿಂದಲೇ ಕೇಳಿ, ಕೌನ್ಸೆಲರ್ ಬಾಯಿಂದಲ್ಲ. ಆ ದಿನ ಬಂದು ಹೊಸ ರೇಟ್ ಹೇಳಿದರೆ ಎದ್ದು ಬನ್ನಿ, ಪೊರೆ ಇನ್ನೊಂದು ವಾರ ಕಾಯುತ್ತೆ. ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ ರಾಜ್ಯದ ಕೆಪಿಎಂಇ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೆ ದೂರು ಕೊಡಬಹುದು. ನಾನು ಕೊಟ್ಟಿದ್ದೇನೆ.

ನಿನ್ನೆ ಅದೇ ಹುಡುಗಿ ಫೋನ್ ಮಾಡಿದ್ದಳು. ಎರಡನೇ ಕಣ್ಣಿಗೆ ಹತ್ತು ಪರ್ಸೆಂಟ್ ಡಿಸ್ಕೌಂಟ್ ಇದೆಯಂತೆ, ಈ ತಿಂಗಳ ಕೊನೆವರೆಗೆ ಮಾತ್ರ.