ಬಾಹ್ಯಾಕಾಶ ನಿಲ್ದಾಣದ ಜೀವಾಧಾರ ವ್ಯವಸ್ಥೆ: ಬಾಣಗಳನ್ನು ನೋಡಿ ಕೊಟ್ಟ ಅಂಕ

ನನ್ನ ಕೆಲಸ ಪಂಪು, ವಾಲ್ವ್ ಬಿಚ್ಚಿ ಜೋಡಿಸುವುದು. ಹಾಗಾಗಿ ಯಾವ ಯಂತ್ರದ ನಕ್ಷೆ ಸಿಕ್ಕರೂ ಚೌಕಗಳಿಗಿಂತ ಮೊದಲು ಅವುಗಳ ನಡುವಿನ ಬಾಣಗಳ ಮೇಲೆ ಕಣ್ಣು ಹೋಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಅಮೆರಿಕನ್ ಭಾಗದ ಜೀವಾಧಾರ ವ್ಯವಸ್ಥೆಯನ್ನೂ, ಅಂದರೆ ಗಾಳಿ, ನೀರು ಒದಗಿಸುವ ಯಂತ್ರಗಳನ್ನೂ, ಹಾಗೇ ನೋಡಿದೆ. ಎಲ್ಲರೂ ಹೊಗಳುವುದು ಒಂದೇ ಅಂಕಿಯನ್ನು: 2023ರಲ್ಲಿ ನೀರಿನ ಮರುಬಳಕೆ ಶೇ. 98 ಮುಟ್ಟಿತು. ದೊಡ್ಡ ಸಾಧನೆಯೇ, ಇಲ್ಲ ಅನ್ನುವುದಿಲ್ಲ. ನನಗೆ ಬೇಕಿದ್ದ ಉತ್ತರ ಬೇರೆ. ಒಂದು ಘಟಕ ನಿಂತರೆ ಜೊತೆಗೆ ಇನ್ನೆಷ್ಟು ನಿಲ್ಲುತ್ತವೆ?

ಹೋಲಿಸಿ ನೋಡಲು ಚಂದ್ರಯಾನದ ಅಪೊಲೊ ನೌಕೆಗಳ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿ ಇದೆ. ಫ್ಯಾನ್ ಗಾಳಿ ನೂಕುತ್ತದೆ, ಡಬ್ಬಿ ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತದೆ, ತುಂಬಿದರೆ ಬೇರೆ ಹಾಕುತ್ತಾರೆ. 1970ರಲ್ಲಿ ಅಪೊಲೊ 13ರ ಮುಖ್ಯ ನೌಕೆಯ ಚೌಕ ಡಬ್ಬಿ ಲ್ಯಾಂಡರ್‌ನ ದುಂಡು ಜಾಗಕ್ಕೆ ಕೂರಲಿಲ್ಲ. ಪ್ಲಾಸ್ಟಿಕ್ ಚೀಲ, ಹೋಸ್, ಟೇಪ್ ಸೇರಿಸಿ ಕೂರಿಸಿದರು. ಸರಳ ಸಾಮಾನಿಗೆ ಮಾತ್ರ ಇಂಥ ರಿಪೇರಿ ಒಗ್ಗುತ್ತದೆ. ಆದರೆ ದಿನ ಜಾಸ್ತಿಯಾದಷ್ಟೂ ಡಬ್ಬಿಗಳ ತೂಕವೂ ಜಾಸ್ತಿ.

ಈಗ ಮೂತ್ರದಿಂದ ನೀರು ತೆಗೆಯುವ ಘಟಕ. 2008ರಲ್ಲಿ ನಿಲ್ದಾಣಕ್ಕೆ ಹೋಯಿತು. ಕಡಿಮೆ ಒತ್ತಡದಲ್ಲಿ, ತಿರುಗುವ ಡ್ರಮ್ಮಿನೊಳಗೆ ಭಟ್ಟಿ ಇಳಿಸುತ್ತದೆ. ತೂಕವೇ ಇಲ್ಲದ ಕಡೆ ದ್ರವವೂ ಆವಿಯೂ ತಾವಾಗಿ ಬೇರೆಯಾಗುವುದಿಲ್ಲ, ಅದಕ್ಕೇ ಈ ತಿರುಗಾಟ. ಶೇ. 85 ನೀರು ವಾಪಸ್ ಪಡೆಯುವ ಗುರಿ ಇತ್ತು. ಅಲ್ಲಿ ಗಗನಯಾತ್ರಿಗಳ ಮೂಳೆ ಸವೆದು ಕ್ಯಾಲ್ಸಿಯಂ ಮೂತ್ರಕ್ಕೆ ಇಳಿಯುತ್ತದೆ. ಮೂತ್ರ ಕೆಡದಿರಲಿ ಅಂತ ಹಾಕುತ್ತಿದ್ದ ಗಂಧಕಾಮ್ಲದ ಜೊತೆ ಅದು ಸೇರಿ ಕ್ಯಾಲ್ಸಿಯಂ ಸಲ್ಫೇಟ್ ಆಯಿತು, ಅಂದರೆ ಜಿಪ್ಸಂ. ಡ್ರಮ್ಮಿನಲ್ಲಿ ಗಟ್ಟಿ ಕಟ್ಟಿಕೊಂಡಿತು. ಕೆಲವು ವರ್ಷ ಕಡಿಮೆ ನೀರಿಗೇ ತೃಪ್ತಿಪಟ್ಟು, ಆಮೇಲೆ ಆಮ್ಲವನ್ನು ಫಾಸ್ಫಾರಿಕ್‌ಗೆ ಬದಲಿಸಿದರು. ಮೂಳೆಯಿಂದ ಡ್ರಮ್ಮಿಗೆ ಹೋಗುವ ಬಾಣ ಯಾವ ನಕ್ಷೆಯಲ್ಲಿ ಕಾಣುತ್ತದೆ ಹೇಳಿ?

ವಿನ್ಯಾಸಗಳನ್ನು ತೂಗಲು ನಾಸಾದವರು ಒಂದು ಲೆಕ್ಕ ಬಳಸುತ್ತಾರೆ. ತೂಕ, ಜಾಗ, ವಿದ್ಯುತ್, ತಂಪು ಮಾಡುವ ಖರ್ಚು, ಸಿಬ್ಬಂದಿಯ ಸಮಯ ಎಲ್ಲವನ್ನೂ ಕಿಲೋಗೆ ಇಳಿಸುವುದು. ಅನುಕೂಲದ ಲೆಕ್ಕ, ಸರಿ. ಕೆಟ್ಟು ನಿಲ್ಲುವ ಸಾಧ್ಯತೆ ಮಾತ್ರ ಆ ಕಿಲೋದಲ್ಲಿ ನೇರವಾಗಿ ಬರುವುದಿಲ್ಲ. ಒಂದೊಂದೂ ಶೇ. 99.9 ನಂಬಿಕೆಯ 100 ಭಾಗಗಳನ್ನು, ಒಂದು ಕೆಟ್ಟರೂ ಎಲ್ಲ ನಿಲ್ಲುವ ಹಾಗೆ, ಸಾಲಾಗಿ ಜೋಡಿಸಿ ನೋಡಿ. ಇಡೀ ಸಾಲಿನ ನಂಬಿಕೆ ಶೇ. 90ರ ಹತ್ತಿರಕ್ಕೆ ಬರುತ್ತದೆ.

ಹಾಗಂತ ಬಾಣ ಜಾಸ್ತಿ ಇದ್ದರೆ ವಿನ್ಯಾಸ ಕೆಟ್ಟದ್ದು ಅಂತಲ್ಲ. 2010ರಲ್ಲಿ ಸೇರಿಸಿದ ಸಬಾಟಿಯೆ ಘಟಕ ನನಗೆ ಇಷ್ಟವಾಗಿದ್ದು ಇದಕ್ಕೇ. ನೀರನ್ನು ಒಡೆದು ಆಮ್ಲಜನಕ ಮಾಡುವ ಘಟಕದಲ್ಲಿ ಉಳಿದ ಹೈಡ್ರೋಜನ್, ಉಸಿರಿನ ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಕೂಡಿಸಿ 2017ರವರೆಗೆ ನೀರು ಮಾಡುತ್ತಿತ್ತು. ಜೊತೆಗೆ ಬರುವ ಮೀಥೇನ್ ಹೊರಗೆ. ಆ ಘಟಕ ನಿಂತರೆ ಎರಡೂ ಅನಿಲ ಮೊದಲಿನ ಹಾಗೆ ಆಚೆ ಹೋಗುತ್ತಿದ್ದವು, ಬೇರೆ ಯಾವುದೂ ನಿಲ್ಲುತ್ತಿರಲಿಲ್ಲ. ಜಾಣತನ ಅಂದ್ರೆ ಇದು, ಅಲ್ವಾ?

ಮೂತ್ರ ಘಟಕದ ಕಥೆ ಹಾಗಲ್ಲ. 2024ರಲ್ಲಿ ಅದರ ಪಂಪ್ ಕೆಟ್ಟಿತು. ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ ನಿಲ್ದಾಣಕ್ಕೆ ಹೊರಟಿದ್ದ ಸ್ಟಾರ್‌ಲೈನರ್ ನೌಕೆಯಿಂದ ಅವರ ಬಟ್ಟೆಯ ಎರಡು ಸೂಟ್‌ಕೇಸ್ ಇಳಿಸಿ, ಸುಮಾರು 70 ಕಿಲೋದ ಬದಲಿ ಪಂಪ್ ಹತ್ತಿಸಬೇಕಾಯಿತು. ಭೂಮಿ ಹತ್ತಿರ ಇದ್ದದ್ದಕ್ಕೆ ಬಚಾವ್.

ನಿಲ್ದಾಣಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಇದನ್ನೇ ಮಂಗಳಕ್ಕೆ ಹೋಗುವ ನೌಕೆಯಲ್ಲಿ ಇಡುತ್ತೇವೆ ಅಂದರೆ ಎರಡು, ಅದೂ ಜೊತೆಗೆ ಒಯ್ಯುವ ಬಿಡಿಭಾಗಗಳ ಪಟ್ಟಿ ತೋರಿಸಿದ ಮೇಲೆ.