ಪ್ರಾಗ್‌ನ ಫ್ರೀ ವಾಕಿಂಗ್ ಟೂರ್: ಮುಂದೆ ನಿಂತವರಿಗೆ ಲಾಭ

ನನ್ನ ಕೆಲಸ ಮ್ಯೂನಿಕ್‌ನಲ್ಲಿ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಬಸ್ ಹತ್ತಿದರೆ ರಾತ್ರಿಯೇ ಪ್ರಾಗ್. ರಜೆ ಕೇಳುವ ಗೋಜೇ ಇಲ್ಲ. ಶನಿವಾರ ಬೆಳಿಗ್ಗೆ ಹಳೇ ಊರಿನ ಚೌಕದಲ್ಲಿ ಈ ಟೂರ್ ಸೇರಿಕೊಂಡೆ.

ಫ್ರೀ ಅಂದರೆ ಪುಕ್ಕಟೆ ಅಲ್ಲ, ಕೊನೆಗೆ ಗೈಡ್‌ಗೆ ನಮಗೆ ತೋಚಿದಷ್ಟು ಕೊಡಬೇಕು. ನಾನು 250 ಕೊರುನಾ ಕೊಟ್ಟೆ, ಹತ್ತಿರಹತ್ತಿರ 10 ಯೂರೋ. ಎರಡೂವರೆ ಗಂಟೆ ಸುತ್ತಿಸಿದ್ದಕ್ಕೆ ಜಾಸ್ತಿ ಏನಲ್ಲ.

1410ರ ಖಗೋಳ ಗಡಿಯಾರದ ಮುಂದೆ ಜನವೋ ಜನ. ಎಲ್ಲರೂ ಮೇಲಿನ ಕಿಟಕಿಯಲ್ಲಿ ಸಾಗುವ ಅಪೊಸ್ತಲರ (ಯೇಸುವಿನ ಶಿಷ್ಯರ) ಬೊಂಬೆಗಳಿಗೆ ಮೊಬೈಲ್ ಎತ್ತಿದ್ದರು. ನಮ್ಮ ಗೈಡ್ ಮಾತ್ರ, "ಕೆಳಗಿನ ಅಸ್ಥಿಪಂಜರ ನೋಡಿ" ಅಂದಳು. ಅದು ಸಾವಿನ ಬೊಂಬೆ, ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ಉಳಿದ ಬೊಂಬೆಗಳು 'ಈಗಲೇ ಬರಲ್ಲ' ಅನ್ನುವ ಹಾಗೆ ತಲೆ ಅಲ್ಲಾಡಿಸುತ್ತವೆ! ಒಬ್ಬನೇ ಹೋಗಿದ್ದರೆ ನನಗೆ ಖಂಡಿತ ಕಾಣುತ್ತಿರಲಿಲ್ಲ.

ತಕರಾರು ಒಂದೇ. ಒಂದು ಗುಂಪಿಗೆ ಮೂವತ್ತಕ್ಕೂ ಹೆಚ್ಚು ಜನ. ಹಿಂದೆ ಬಿದ್ದರೆ ಸುಮ್ನೆ ಬೆನ್ನು ನೋಡಿಕೊಂಡು ನಡೆಯಬೇಕು.

ಚಾರ್ಲ್ಸ್ ಸೇತುವೆಯನ್ನು ಟೂರ್‌ಗೆ ಬಿಡಬೇಡಿ. ಭಾನುವಾರ ಬೆಳಿಗ್ಗೆ ಆರಕ್ಕೆ ನೀವೇ ಹೋಗಿ. 516 ಮೀಟರ್, ಎರಡೂ ಕಡೆ ಸೇರಿ 30 ಮೂರ್ತಿ, ನಾನು ಹೋದಾಗ ನಾಯಿ ಕರೆತಂದ ಒಬ್ಬ ಅಜ್ಜ. ಮೆತ್ತನೆ ಅಟ್ಟೆಯ ಶೂ ಹಾಕಿಕೊಳ್ಳಿ, ಎಲ್ಲಾ ಕಲ್ಲುಹಾಸು.