ಹಳೇ ಬಾಕ್ಸ್, ಹೊಸ ಬಾಕ್ಸ್, ಡಿಶ್ ಛತ್ರಿ: ಯಾವುದು ವಾಸಿ?

ನಮ್ಮ ಮನೆಯ ಸೆಟ್‌ಟಾಪ್ ಬಾಕ್ಸ್ 2013ರದ್ದು. ಮೈಸೂರಿನಲ್ಲಿ ಕೇಬಲ್‌ಗೆ ಬಾಕ್ಸ್ ಕಡ್ಡಾಯ ಆಯ್ತಲ್ಲ, ಆಗ ಹಾಕಿಸಿದ್ದು. ಮೇಲೆ ಕೈ ಇಟ್ಟರೆ ಇಸ್ತ್ರಿಪೆಟ್ಟಿಗೆ ಥರ ಬಿಸಿ. ಈ ಸಲ ದುಡ್ಡಿಗೆ ಬಂದ ಕೇಬಲ್ ಹುಡುಗ, "ಸಾರ್, ಇದು ಎಂಪೆಗ್-2. ನಾವು ಎಂಪೆಗ್-4ಗೆ ಹೋಗ್ತಿದ್ದೀವಿ. ಬಾಕ್ಸ್ ಬದಲಾಯಿಸದಿದ್ರೆ ಒಂದೊಂದೇ ಚಾನೆಲ್ ಹೋಗುತ್ತೆ" ಅಂದ.

ಎಂಪೆಗ್ ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನ, 2ಕ್ಕಿಂತ 4 ಹೊಸದು. ಹಳೇ ಬಾಕ್ಸ್‌ಗೇ ಹೊಸ ಸಾಫ್ಟ್‌ವೇರ್ ಹಾಕಿದರೆ ಸಾಲದಾ? ಸಾಲದು. ಬರುವ ಸಿಗ್ನಲ್ ಬಿಡಿಸಿ ಚಿತ್ರ ಮಾಡುವುದು ಒಳಗಿನ ಚಿಪ್. ಹಳೇ ಚಿಪ್‌ಗೆ ಎಂಪೆಗ್-4 ಬರುವುದೇ ಇಲ್ಲ. ಕೇಬಲ್‌ನವರಿಗ್ಯಾಕೆ ಇಷ್ಟು ಅವಸರ ಅಂದರೆ, ಕೇಬಲ್‌ನ ಒಂದು ಫ್ರೀಕ್ವೆನ್ಸಿಯಲ್ಲಿ ಹಿಡಿಸುವುದು ಸುಮಾರು 38 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 38 ಮೆಗಾಬಿಟ್. ಎಂಪೆಗ್-2ರಲ್ಲಿ ಅಷ್ಟರಲ್ಲಿ ಹತ್ತು ಮಾಮೂಲಿ ಚಾನೆಲ್ ಕೂರುತ್ತವೆ. ಎಂಪೆಗ್-4ರಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಅಂದರೆ ಮೊದಲ ಲಾಭ ಅವರದೇ. ಚಿತ್ರ ಚೆನ್ನಾಗಿ ಬರೋದು ಆಮೇಲಿನ ಮಾತು.

ಹೊಸ ಎಚ್‌ಡಿ ಬಾಕ್ಸ್ ತಂದು, ಒಂದೇ ವೈರಿಗೆ ಸ್ಪ್ಲಿಟರ್ ಹಾಕಿ, ಹಳೇದನ್ನೂ ಪಕ್ಕದಲ್ಲೇ ಇಟ್ಟೆ. ಆಗಿನ್ನೂ ಚಂದನ ಎರಡೂ ರೀತಿಯಲ್ಲಿ ಬರುತ್ತಿತ್ತು. ಪರೀಕ್ಷೆಗೆ ಜಂಬೂಸವಾರಿಗಿಂತ ಒಳ್ಳೇದು ಬೇಕಾ? ಅಂಬಾರಿ ಮೇಲೆ ಹೂವು ಎರಚಿದ ಕೂಡಲೇ ಹಳೇ ಬಾಕ್ಸ್‌ನಲ್ಲಿ ಆನೆಯ ಸೊಂಡಿಲೆಲ್ಲ ಚೌಕ ಚೌಕ. ಹೊಸದರಲ್ಲಿ ಹೂವು ಹೂವಾಗೇ ಬಿತ್ತು. ಆದರೆ ಹಿಂದೆ ನಿಂತ ಜನರ ಮುಖ ಅಲ್ಲೂ ಕಲಸಿದ ಹಾಗೇ ಇತ್ತು. ಇದಕ್ಕಾ ದುಡ್ಡು ಕೊಟ್ಟಿದ್ದು ಅನಿಸಿತು.

ಟಿವಿ ಹಿಂದೆ ಬಗ್ಗಿ ನೋಡಿದರೆ ಹುಡುಗ ಹಾಕಿಹೋಗಿದ್ದು ಅದೇ ಹಳದಿ-ಕೆಂಪು-ಬಿಳಿ ವೈರು! ಅದರಲ್ಲಿ ಎಚ್‌ಡಿ ಬರುವುದೇ ಇಲ್ಲ. ಎಚ್‌ಡಿಎಂಐ ವೈರು ತಂದು ಹಾಕಿ, ಒಂದು ಎಚ್‌ಡಿ ಚಾನೆಲ್ ಇಟ್ಟೆ. ಕೆಳಗೆ ಓಡುವ ಸುದ್ದಿಯ ಸಾಲನ್ನು ಕನ್ನಡಕ ಇಲ್ಲದೆ ಓದಿದೆ. ಬಾಕ್ಸ್ ಬದಲಾಯಿಸುವವರು ದಯವಿಟ್ಟು ಮೊದಲು ಆ ವೈರು ನೋಡಿ.

ದೂರದರ್ಶನದವರ ಪುಕ್ಕಟೆ ಡಿಶ್ ಸೇವೆ ಡಿಡಿ ಫ್ರೀ ಡಿಶ್ ಅನ್ನು ಪಾಂಡವಪುರದ ಭಾವನ ಮನೆಯಲ್ಲಿ ಒಂದು ವಾರ ನೋಡಿದೆ. ಛತ್ರಿ, ಬಾಕ್ಸ್‌ಗೆ ಒಂದು ಸಲ ದುಡ್ಡು, ತಿಂಗಳಿಗೆ ಸೊನ್ನೆ. ಅಲ್ಲೂ ಇದೇ ಕಥೆ: ಎಂಪೆಗ್-2 ಬಾಕ್ಸ್ ತಗೊಂಡರೆ ಎಂಪೆಗ್-4ರಲ್ಲಿ ಬರುವ ಚಾನೆಲ್‌ಗಳು ಕಾಣಿಸುವುದಿಲ್ಲ. ಜೋರು ಮಳೆ ಬಂದರೆ ಚಿತ್ರ ಮಾಯ. ಕೇಬಲ್‌ಗೆ ಮಳೆಯ ಭಯ ಅಷ್ಟಿಲ್ಲ, ಆದರೆ ಸಿಗ್ನಲ್ ಹೆಚ್ಚಿಸುವ ಪಕ್ಕದ ಬೀದಿಯ ಆಂಪ್ಲಿಫೈಯರ್‌ಗೆ ಕರೆಂಟ್ ಹೋದರೆ ನಮ್ಮನೆ ಯುಪಿಎಸ್ ಇದ್ದೂ ಪ್ರಯೋಜನ ಇಲ್ಲ. ಎರಡರಲ್ಲಿ ಛತ್ರಿಯೇ ಗೆಲ್ಲುತ್ತಿತ್ತೇನೋ. ಆದರೆ ಅಮ್ಮನ ಧಾರಾವಾಹಿಗಳು ಪೇ ಚಾನೆಲ್‌ನವು, ಅದರಲ್ಲಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಪಕ್ಕದ ಮನೆಯವರ ಆಂಡ್ರಾಯ್ಡ್ ಬಾಕ್ಸ್ ಎರಡು ದಿನ ತಂದಿದ್ದೆ. ಎಚ್‌ಇವಿಸಿ, ಅಂದರೆ ಎಂಪೆಗ್-4ರ ಮುಂದಿನ ತಲೆಮಾರು, 4ಕೆ ಎಲ್ಲ ಇದೆ. ಆನ್ ಆಗುವಷ್ಟರಲ್ಲಿ ಕಾಫಿ ಬೆರೆಸಿಕೊಂಡು ಬರಬಹುದು. ಅಮ್ಮ ಕೈತಪ್ಪಿ ಯಾವುದೋ ಬಟನ್ ಒತ್ತಿದರೆ ಯೂಟ್ಯೂಬ್ ತೆರೆದುಕೊಳ್ಳುತ್ತೆ, ವಾಪಸ್ ಬರೋಕೆ ನನ್ನನ್ನೇ ಕೂಗಬೇಕು. ಬರೀ ಕೇಬಲ್ ನೋಡುವವರಿಗೆ ಸುಮ್ನೆ ಜಾಸ್ತಿ ಖರ್ಚು.

ಹಾಗಾಗಿ ಎಚ್‌ಡಿ ಬಾಕ್ಸ್ ಉಳಿಯಿತು. ಎಚ್‌ಡಿ ಪ್ಯಾಕೂ ಹಾಕಿಸಿದೆ. ಹಳೇ ಬಾಕ್ಸ್ ಮೇಲೆ ಅಮ್ಮ ಚಾನೆಲ್ ನಂಬರ್ ಬರೆದು ಅಂಟಿಸಿದ್ದ ಚೀಟಿಯನ್ನು ಜೋಪಾನವಾಗಿ ಕಿತ್ತು ಹೊಸದಕ್ಕೆ ಅಂಟಿಸಿದ್ದಾರೆ. ಎಚ್‌ಡಿ ಚಾನೆಲ್‌ಗಳ ನಂಬರ್ ಬೇರೆ ಅಂತ ಎರಡು ಸಲ ಹೇಳಿದೆ. "ನಂಗೆ ಈ ನಂಬರೇ ಬಾಯಿಗೆ ಬರೋದು ಕಣೋ" ಅಂದು ಅಮ್ಮ ಈಗಲೂ ಹಳೇ ನಂಬರನ್ನೇ ಒತ್ತುತ್ತಾರೆ.